ನೋವಿನ ಮಾತಿಗೆ ಪ್ರಾಮಾಣ್ಯ: ಅಮೆರಿಕದ ಕಪ್ಪು ಸಮುದಾಯ ಮತ್ತು ಆಪ್ತಸಮಾಲೋಚನೆಯ ಚರಿತ್ರೆ

ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡದಲ್ಲಿ ‘ಆಪ್ತಸಮಾಲೋಚನೆ’ ಎಂಬ ಪದ ನೆಲೆನಿಂತಿದೆ. ಇಲ್ಲಿನ ‘ಆಪ್ತ’ ಎಂಬುದನ್ನು ಹತ್ತಿರದ, ಸಲುಗೆಯ ಎಂಬ ಅರ್ಥದಲ್ಲಿ ಗ್ರಹಿಸುವುದೇ ರೂಢಿ. ನ್ಯಾಯದರ್ಶನದಲ್ಲಿ ಈ ಶಬ್ದದ ಅರ್ಥ ಇನ್ನಷ್ಟು ಖಚಿತವಾದುದು. ವಿಷಯವನ್ನು ನೇರವಾಗಿ ಅರಿತು, ಅರಿತಂತೆಯೇ ಹೇಳಬಯಸುವವನು ಆಪ್ತ. ಅವನ ಮಾತು ಪ್ರಮಾಣ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ ಸ್ಪಷ್ಟಪಡಿಸುತ್ತಾನೆ. ಈ ಅರ್ಥವನ್ನು ಚಿಕಿತ್ಸೆಯ ಕೋಣೆಗೆ ತಂದರೆ ಒಂದು ಪ್ರಶ್ನೆ ಏಳುತ್ತದೆ. ಅಲ್ಲಿ ಆಪ್ತನಾದವನು ಸಲಹೆಗಾರ ಮಾತ್ರವೇ, ಅಥವಾ ನೊಂದು ಬಂದವನೂ ಆಪ್ತನೇ? ತನ್ನ ಲೋಕದ ಬಗ್ಗೆ ಅವನಾಡುವ ಮಾತು ಪ್ರಮಾಣವೋ, ರೋಗಲಕ್ಷಣವೋ?

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಪ್ಪು ಸಮುದಾಯಗಳಿಗಾಗಿ ರೂಪುಗೊಂಡಿರುವ, ಸಂಸ್ಕೃತಿಗೆ ಸ್ಪಂದಿಸುವ ಮತ್ತು ವರ್ಣಭೇದವನ್ನು ವಿರೋಧಿಸುವ ಮಾನಸಿಕ ಆರೋಗ್ಯ ಸಮಾಲೋಚನೆಯನ್ನು ಈಚಿನ ಬೆಳವಣಿಗೆಯೆಂದೂ ಹಳೆಯ ವಿಜ್ಞಾನಕ್ಕೆ ಸೇರಿಸಿದ ಸೌಜನ್ಯದ ಅಧ್ಯಾಯವೆಂದೂ ನೋಡುವುದುಂಟು. ಆದರೆ ಅದರ ಬೇರು ಹತ್ತೊಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಅದು ಮೂಲತಃ ಪ್ರಾಮಾಣ್ಯದ ಜಗಳ. ಕಪ್ಪು ಜನರ ಮನಸ್ಸಿನ ಬಗ್ಗೆ ಯಾರ ಮಾತು ಸಲ್ಲುತ್ತದೆ, ಯಾರ ಮಾತು ಸಲ್ಲುವುದಿಲ್ಲ ಎಂಬುದನ್ನು ತೀರ್ಮಾನಿಸುವ ಅಧಿಕಾರಕ್ಕಾಗಿ ನಡೆದ ಈ ದೀರ್ಘ ವಿವಾದದ ಕೆಲವು ಘಟ್ಟಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಣಿಕೆ ಮತ್ತು ನಾಮಕರಣ

1840ರ ಅಮೆರಿಕನ್ ಜನಗಣತಿಯು ಮೊದಲ ಬಾರಿಗೆ ಚಿತ್ತವಿಕಲರನ್ನೂ ಬುದ್ಧಿಮಾಂದ್ಯರನ್ನೂ ಎಣಿಸಿತು. ಪ್ರಕಟವಾದ ಅಂಕಿಗಳಂತೆ, ಉತ್ತರದ ರಾಜ್ಯಗಳಲ್ಲಿ ಸ್ವತಂತ್ರವಾಗಿದ್ದ ಕಪ್ಪು ಜನರಲ್ಲಿ ಚಿತ್ತವಿಕಲತೆಯ ಪ್ರಮಾಣ ದಕ್ಷಿಣದ ಗುಲಾಮರಲ್ಲಿ ಇದ್ದುದಕ್ಕಿಂತ ಸುಮಾರು ಹತ್ತು ಹನ್ನೊಂದು ಪಟ್ಟು ಹೆಚ್ಚಾಗಿತ್ತು. ಸ್ವಾತಂತ್ರ್ಯವೇ ಹುಚ್ಚಿಗೆ ಕಾರಣವೆಂಬ ತೀರ್ಮಾನಕ್ಕೆ ಇದು ಬೇಕಾದ ಸಾಕ್ಷ್ಯವಾಗಿ ಒದಗಿತು. 1844ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜಾನ್ ಸಿ. ಕ್ಯಾಲ್‌ಹೂನ್ ಬ್ರಿಟಿಷ್ ರಾಯಭಾರಿಗೆ ಬರೆದ ಪತ್ರದಲ್ಲಿ ಗುಲಾಮಗಿರಿಯನ್ನು ಸಮರ್ಥಿಸಲು ಈ ಅಂಕಿಗಳನ್ನೇ ಬಳಸಿದರು.

ಮೊದಲು ಈ ಅಂಕಿಗಳನ್ನು ನಂಬಿದ್ದ ಮ್ಯಾಸಚೂಸೆಟ್ಸ್‌ನ ವೈದ್ಯ ಎಡ್ವರ್ಡ್ ಜಾರ್ವಿಸ್ ಮರುಪರಿಶೀಲನೆಗೆ ತೊಡಗಿದಾಗ ಅವುಗಳ ಪೊಳ್ಳು ಬಯಲಾಯಿತು. ಕಪ್ಪು ನಿವಾಸಿಗಳೇ ಇಲ್ಲದ ಊರುಗಳಲ್ಲಿ ಕಪ್ಪು ಚಿತ್ತವಿಕಲರು ದಾಖಲಾಗಿದ್ದರು. ವೂಸ್ಟರ್ ನಗರದಲ್ಲಿ 133 ಮಂದಿ ಕಪ್ಪು ಚಿತ್ತವಿಕಲರಿದ್ದಾರೆಂದು ಗಣತಿ ಹೇಳಿತ್ತು. ಅವರು ಅಲ್ಲಿನ ರಾಜ್ಯ ಆಸ್ಪತ್ರೆಯಲ್ಲಿದ್ದ ಬಿಳಿಯ ರೋಗಿಗಳು, ತಪ್ಪು ಕಂಬಸಾಲಿಗೆ ಇಳಿದಿದ್ದರು ಅಷ್ಟೆ. ಇದೇ ಕಾಲಕ್ಕೆ ನ್ಯೂಯಾರ್ಕಿನ ಜೇಮ್ಸ್ ಮೆಕ್ಯೂನ್ ಸ್ಮಿತ್ ಕೂಡ ಗಣತಿಯನ್ನು ಅದರದೇ ಅಂಕಿಗಳಿಂದ ಖಂಡಿಸಿದರು. ಕಪ್ಪು ವಿದ್ಯಾರ್ಥಿಯೆಂಬ ಕಾರಣಕ್ಕೆ ಅಮೆರಿಕದ ಕಾಲೇಜುಗಳಲ್ಲಿ ಪ್ರವೇಶ ದೊರೆಯದೆ, 1837ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದು ಹಿಂದಿರುಗಿದ್ದವರು ಅವರು. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ ಸಂಸತ್ತಿಗೆ ಮನವಿ ಸಲ್ಲಿಸಿತು. ಅಷ್ಟಾಗಿಯೂ ಗಣತಿ ತಿದ್ದುಪಡಿಯಾಗಲಿಲ್ಲ. ತಪ್ಪನ್ನು ತೋರಿಸಿದವರ ಬಳಿ ಸಾಕ್ಷ್ಯವಿತ್ತು, ತಪ್ಪು ಮಾಡಿದವರ ಬಳಿ ಅಧಿಕಾರವಿತ್ತು.

ಎಣಿಕೆಯ ಬೆನ್ನಿಗೇ ನಾಮಕರಣ ಬಂದಿತು. 1851ರಲ್ಲಿ ಲೂಯಿಸಿಯಾನದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಗುಲಾಮರು ಓಡಿಹೋಗುವುದನ್ನು ಒಂದು ಮಾನಸಿಕ ವ್ಯಾಧಿಯೆಂದು ಘೋಷಿಸಿ, ಪಲಾಯನಗೈದ ಗುಲಾಮ ಎಂಬರ್ಥದ ಗ್ರೀಕ್ ಪದದಿಂದ ‘ಡ್ರಾಪೆಟೋಮೇನಿಯಾ’ ಎಂಬ ಹೆಸರನ್ನು ಕಟ್ಟಿದರು. ಕೆಲಸದಲ್ಲಿ ಅಲಕ್ಷ್ಯ ತೋರುವುದಕ್ಕೂ ಅವರು ಇನ್ನೊಂದು ರೋಗನಾಮ ಕೊಟ್ಟರು. ಸೂಚಿಸಿದ ಚಿಕಿತ್ಸೆಗಳಲ್ಲಿ ಚಾವಟಿಯೇಟೂ ಒಂದು. ಈ ಪ್ರಸಂಗವನ್ನು ಮೂಢ ವಿಜ್ಞಾನದ ಕುತೂಹಲದ ಉದಾಹರಣೆಯೆಂದು ಬದಿಗಿಡುವಂತಿಲ್ಲ. ಓಡಿಹೋಗುವವನು ತನ್ನ ಸ್ಥಿತಿಯ ಬಗ್ಗೆ ತನ್ನ ಕಾಲುಗಳಿಂದಲೇ ಒಂದು ತೀರ್ಪು ನೀಡುತ್ತಿರುತ್ತಾನೆ. ರೋಗನಾಮವು ಆ ತೀರ್ಪನ್ನು ಅರ್ಥವಿಲ್ಲದ ಲಕ್ಷಣವಾಗಿ ಮಾರ್ಪಡಿಸುತ್ತದೆ. ಮುಂದಿನ ಒಂದೂವರೆ ಶತಮಾನದಲ್ಲಿ ಹೆಸರುಗಳು ಬದಲಾದರೂ ಈ ತಂತ್ರ ಉಳಿದುಕೊಂಡಿತು.

ಅಂತರ್ಯುದ್ಧದ ಅನಂತರ ಕಪ್ಪು ಜನರಿಗಾಗಿಯೇ ಪ್ರತ್ಯೇಕ ಚಿತ್ತಾಲಯಗಳು ಸ್ಥಾಪನೆಯಾದವು. 1870ರಲ್ಲಿ ವರ್ಜೀನಿಯದಲ್ಲಿ ಅಂಥದೊಂದು ತೆರೆಯಿತು. 1911ರಲ್ಲಿ ಮೇರಿಲ್ಯಾಂಡಿನ ಕ್ರೌನ್ಸ್‌ವಿಲ್‌ನಲ್ಲಿ ಆರಂಭವಾದ ಆಸ್ಪತ್ರೆಯ ನೆಲವನ್ನು ಹಸನುಗೊಳಿಸಿ ಕಟ್ಟಡಗಳನ್ನು ಎಬ್ಬಿಸುವ ದುಡಿಮೆಯಲ್ಲಿ ರೋಗಿಗಳನ್ನೇ ತೊಡಗಿಸಲಾಯಿತು. ಅಲ್ಲಿ ರೋಗಿಯ ದೇಹಕ್ಕೆ ಕೆಲಸವಿತ್ತು, ಮಾತಿಗೆ ಜಾಗವಿರಲಿಲ್ಲ.

ನೆಲಮಾಳಿಗೆಯ ಎರಡು ಕೋಣೆಗಳು

ದಕ್ಷಿಣದಿಂದ ಉತ್ತರದ ನಗರಗಳಿಗೆ ನಡೆದ ಮಹಾವಲಸೆಯು ನ್ಯೂಯಾರ್ಕಿನ ಹಾರ್ಲೆಮ್ ಅನ್ನು ಕಪ್ಪು ಜನರ ಬಹುದೊಡ್ಡ ನಗರವಸತಿಯನ್ನಾಗಿಸಿತು. ಆದರೆ ಎರಡನೆಯ ಮಹಾಯುದ್ಧ ಮುಗಿದಾಗಲೂ ಅಲ್ಲಿನ ಬಡವರ ಕೈಗೆಟುಕುವ ಮನೋಚಿಕಿತ್ಸೆ ಇಲ್ಲವೆನ್ನುವಷ್ಟು ಕಡಿಮೆಯಿತ್ತು. 1946ರ ಮಾರ್ಚ್ ತಿಂಗಳಲ್ಲಿ ಸೇಂಟ್ ಫಿಲಿಪ್ಸ್ ಎಪಿಸ್ಕೋಪಲ್ ಚರ್ಚಿನ ಪ್ಯಾರಿಷ್ ಮನೆಯ ನೆಲಮಾಳಿಗೆಯಲ್ಲಿ, ಎರಡು ಕೋಣೆಗಳಲ್ಲಿ, ಲಫಾರ್ಗ್ ಚಿಕಿತ್ಸಾಲಯ ತೆರೆಯಿತು. ಮಂಗಳವಾರ ಮತ್ತು ಶುಕ್ರವಾರ ಸಂಜೆ ಆರರಿಂದ ಎಂಟರವರೆಗೆ ಅದರ ವೇಳೆ. ಶುಲ್ಕ 25 ಸೆಂಟ್. ಅದೂ ಇಲ್ಲದವರಿಗೆ ಉಚಿತ. ವೈದ್ಯರೂ ಸಮಾಜಕಾರ್ಯಕರ್ತರೂ ಸಂಬಳವಿಲ್ಲದೆ ದುಡಿದರು. ಅವರಲ್ಲಿ ಕಪ್ಪು ಜನರೂ ಬಿಳಿಯರೂ ಇದ್ದರು.

ಇದರ ಹಿಂದೆ ಇದ್ದವರು ಮುಖ್ಯವಾಗಿ ನಾಲ್ವರು. ಒಬ್ಬರು ‘ನೇಟಿವ್ ಸನ್’ ಕಾದಂಬರಿಯ ಲೇಖಕ ರಿಚರ್ಡ್ ರೈಟ್. ಇನ್ನೊಬ್ಬರು ಜರ್ಮನಿ ಮೂಲದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್. ಮೂರನೆಯವರು ನಾಜಿ ಆಡಳಿತದಿಂದ ತಪ್ಪಿಸಿಕೊಂಡು ಬಂದಿದ್ದ ಯಹೂದಿ ವೈದ್ಯೆ ಹಿಲ್ಡೆ ಮೊಸ್ಸೆ. ನಾಲ್ಕನೆಯವರು ಸ್ಥಳಾವಕಾಶ ಕೊಟ್ಟ ಪಾದ್ರಿ ಶೆಲ್ಟನ್ ಹೇಲ್ ಬಿಷಪ್. ಕ್ಯೂಬಾದಲ್ಲಿ ಹುಟ್ಟಿದ, ಆಫ್ರಿಕನ್ ಮೂಲದ ರಕ್ತವೂ ಬೆರೆತಿದ್ದ ವೈದ್ಯ, ಕಾರ್ಲ್ ಮಾರ್ಕ್ಸ್‌ನ ಅಳಿಯ ಪಾಲ್ ಲಫಾರ್ಗ್‌ನ ಹೆಸರನ್ನು ಚಿಕಿತ್ಸಾಲಯಕ್ಕೆ ಇಟ್ಟುದರಲ್ಲಿಯೇ ಸ್ಥಾಪಕರ ನಿಲುವು ಕಾಣುತ್ತದೆ. ಕಪ್ಪು ಮನಸ್ಸು ಬೇರೆ ಜಾತಿಯದೆಂಬ ವಾದವನ್ನು ಅವರು ಒಪ್ಪಲಿಲ್ಲ. ಚಿಕಿತ್ಸಾಲಯದ ಬಾಗಿಲು ಯಾವ ವರ್ಣದವರಿಗೂ ಮುಚ್ಚಿರಲಿಲ್ಲ. ಮನಸ್ಸು ಎಲ್ಲರದೂ ಒಂದೇ, ಅದರ ಮೇಲೆ ಬಿದ್ದಿರುವ ಹೊರೆ ಬೇರೆ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಮನೆಬಾಡಿಗೆ, ಪೊಲೀಸ್, ಕೆಲಸ, ಸೈನ್ಯದಲ್ಲಿನ ಅನುಭವ ಇವೆಲ್ಲ ಅಲ್ಲಿ ರೋಗದ ಹಿನ್ನೆಲೆಯಾಗಿ ಉಳಿಯದೆ ಸಮಾಲೋಚನೆಯ ವಸ್ತುವೇ ಆದವು.

ಇಲ್ಲಿ ಸಾಹಿತ್ಯ ಮತ್ತು ಚಿಕಿತ್ಸೆಯ ಸಂಬಂಧ ಆಕಸ್ಮಿಕವಲ್ಲ. ರೈಟ್ ಮತ್ತು ವರ್ಥಮ್ ಜೊತೆಗೂಡಿ ‘ನೇಟಿವ್ ಸನ್’ನ ಒಂದು ಕೇಂದ್ರ ಸನ್ನಿವೇಶದ ಬೇರನ್ನು ಲೇಖಕನ ಹರೆಯದ ನೆನಪಿನಲ್ಲಿ ಹುಡುಕಿದ್ದರು, ವರ್ಥಮ್ 1944ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. 1946ರಲ್ಲಿ ರೈಟ್ ಚಿಕಿತ್ಸಾಲಯದ ಬಗ್ಗೆ ಪತ್ರಿಕಾಲೇಖನ ಬರೆದು ಅದರ ಅಗತ್ಯವನ್ನು ದೇಶದ ಮುಂದಿಟ್ಟರು. ಎರಡು ವರ್ಷಗಳ ಬಳಿಕ ರಾಲ್ಫ್ ಎಲಿಸನ್ ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್ ಅವರೊಡಗೂಡಿ ‘ಹಾರ್ಲೆಮ್ ಈಸ್ ನೋವೇರ್’ ಎಂಬ ಪ್ರಬಂಧವನ್ನು ಸಿದ್ಧಪಡಿಸಿದರು. ಅದನ್ನು ಪ್ರಕಟಿಸಬೇಕಾಗಿದ್ದ ಪತ್ರಿಕೆ ನಿಂತುಹೋದುದರಿಂದ ಬರಹ ಬೆಳಕು ಕಂಡದ್ದು 1964ರಲ್ಲಿ. ಹೇಗಿದ್ದೀರಿ ಎಂದು ಕೇಳಿದರೆ ‘ಎಲ್ಲಿಯೂ ಇಲ್ಲ’ ಎಂಬ ತಾತ್ಪರ್ಯದ ಉತ್ತರ ಕೊಡುವುದು ಹಾರ್ಲೆಮ್‌ನ ಆಡುಮಾತಿನಲ್ಲಿತ್ತು. ಈ ನುಡಿಗಟ್ಟನ್ನು ಎಲಿಸನ್ ವಲಸೆ ಬಂದ ಸಮುದಾಯವೊಂದು ತನ್ನ ಸ್ಥಿತಿಯ ಬಗ್ಗೆ ತಾನೇ ಮಾಡಿಕೊಂಡ ನಿದಾನವಾಗಿ ಓದಿದರು. ನೆಲೆ ತಪ್ಪಿದವನು ನೆಲೆಯಿಲ್ಲವೆನ್ನುತ್ತಾನೆ. ವೈದ್ಯನಿಗೆ ಆ ಭಾಷೆ ತಿಳಿಯದಿದ್ದರೆ ಅದು ವಿಭ್ರಮೆಯಾಗಿ ಕೇಳಿಸುತ್ತದೆ. ತಿಳಿದಿದ್ದರೆ ಸಮಾಜಶಾಸ್ತ್ರವಾಗಿ ಕೇಳಿಸುತ್ತದೆ.

ಲಫಾರ್ಗ್‌ನ ಚರಿತ್ರೆಯಲ್ಲಿ ಒಂದು ಕಹಿ ಅಂಶವೂ ಇದೆ. 1954ರಲ್ಲಿ ವರ್ಥಮ್ ಕಾಮಿಕ್ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆಂದು ವಾದಿಸಿ ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಚಿಕಿತ್ಸಾಲಯಕ್ಕೆ ಬಂದ ಮಕ್ಕಳ ಮಾತುಗಳೂ ಅದಕ್ಕೆ ಆಧಾರವಾಗಿದ್ದವು. ಸಂಶೋಧಕಿ ಕ್ಯಾರಲ್ ಟಿಲ್ಲಿ ವರ್ಥಮ್ ಅವರ ಕಾಗದಪತ್ರಗಳನ್ನು ಗ್ರಂಥದೊಡನೆ ಹೋಲಿಸಿ, ಅವರು ಹಲವೆಡೆ ಮಕ್ಕಳ ಹೇಳಿಕೆಗಳನ್ನು ತಿರುಚಿದ್ದರು, ಬೇರೆಬೇರೆಯವರ ಮಾತನ್ನು ಬೆರೆಸಿದ್ದರು, ತಮ್ಮ ವಾದಕ್ಕೆ ಒಗ್ಗದ್ದನ್ನು ಕೈಬಿಟ್ಟಿದ್ದರು ಎಂದು 2012ರಲ್ಲಿ ತೋರಿಸಿಕೊಟ್ಟರು. ಕೇಳುವುದಕ್ಕೆಂದೇ ತೆರೆದ ಕೋಣೆಯಲ್ಲಿಯೂ ಮಾತು ಕೇಳಿದವನ ಸೊತ್ತಾಗಿಬಿಡಬಹುದು. ಸದುದ್ದೇಶವು ಪ್ರಾಮಾಣ್ಯಕ್ಕೆ ಬದಲಿಯಾಗದು. ಚಿಕಿತ್ಸಾಲಯ 1958ರ ವರೆಗೆ ನಡೆಯಿತು.

ಅಳತೆಗೋಲನ್ನು ಅಳೆದವರು

ಲಫಾರ್ಗ್ ತೆರೆದ ವರ್ಷವೇ, ಅದೇ ಹಾರ್ಲೆಮ್‌ನ ಡನ್‌ಬಾರ್ ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ಇನ್ನೊಂದು ಕೇಂದ್ರ ಹುಟ್ಟಿಕೊಂಡಿತು. ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಿದ್ದ ಮೇಮಿ ಫಿಪ್ಸ್ ಕ್ಲಾರ್ಕ್ ಮತ್ತು ಕೆನೆತ್ ಕ್ಲಾರ್ಕ್ ದಂಪತಿ, ಹಾರ್ಲೆಮ್ ಮಕ್ಕಳಿಗೆ ಸೇವೆ ವಿಸ್ತರಿಸಿರೆಂದು ಇದ್ದ ಸಂಸ್ಥೆಗಳನ್ನು ಕೇಳಿ ಸೋತ ಮೇಲೆ ತಾವೇ ಇದನ್ನು ಆರಂಭಿಸಿದರು. ಮೇಮಿ ಅವರ ತಂದೆ ಕೊಟ್ಟ ಸಾಲವೇ ಆರಂಭದ ಬಂಡವಾಳ. 1948ರಿಂದ ಅದು ‘ನಾರ್ತ್‌ಸೈಡ್ ಸೆಂಟರ್ ಫಾರ್ ಚೈಲ್ಡ್ ಡೆವಲಪ್‌ಮೆಂಟ್’ ಎಂದು ಹೆಸರಾಯಿತು.

ತಾಯಂದಿರು ಅಲ್ಲಿಗೆ ಮೊದಮೊದಲು ಬಂದುದು ಮನೋವಿಶ್ಲೇಷಣೆಗಾಗಿ ಅಲ್ಲ. ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗಳು ಬುದ್ಧಿಮಾಂದ್ಯರ ತರಗತಿಗೆ ತಳ್ಳಿವೆ, ಅದು ಸರಿಯೇ ಎಂದು ಕೇಳಲು ಬಂದರು. ಪರೀಕ್ಷಿಸಿದಾಗ ಅನೇಕ ಮಕ್ಕಳ ಅಂಕ ಆ ತರಗತಿಗೆ ನಿಗದಿಯಾದ ಮಿತಿಗಿಂತ ಮೇಲಿತ್ತು. ತಾಯಿಯ ಅನುಮಾನ ಸರಿಯಾಗಿತ್ತು, ಶಾಲೆಯ ಕಡತ ತಪ್ಪಾಗಿತ್ತು. ಹೀಗೆ ನಾರ್ತ್‌ಸೈಡ್‌ನ ಮೊದಲ ಚಿಕಿತ್ಸೆಯು ಮಗುವಿಗೆ ಸಂದುದಕ್ಕಿಂತ ದಾಖಲೆಗೆ ಸಂದುದು ಹೆಚ್ಚು. ಮಗುವಿನ ಕಷ್ಟವನ್ನು ಅದರ ಒಳಮನಸ್ಸಿನಲ್ಲಿ ಮಾತ್ರ ಹುಡುಕುವ ವಿಧಾನ ಸಾಲದೆಂದು ಕಂಡುಕೊಂಡ ಕ್ಲಾರ್ಕ್ ದಂಪತಿ ಪಾಠ, ವಸತಿ, ಕುಟುಂಬದ ನೆರವುಗಳನ್ನು ಸಮಾಲೋಚನೆಯ ಒಳಕ್ಕೆ ತಂದರು. ಇಂದು ‘ಸಂಸ್ಕೃತಿಸ್ಪಂದಿ’ ಎಂದು ಕರೆಯಲಾಗುವ ಕ್ರಮದ ಒಂದು ಮುಖ್ಯ ತತ್ತ್ವ ಇಲ್ಲಿಯೇ ಆಚರಣೆಯಲ್ಲಿತ್ತು.

ನ್ಯಾಯಾಲಯದಲ್ಲಿ ನೋವು, ಅದಕ್ಕೆ ತೆತ್ತ ಬೆಲೆ

ಎರಡೂ ನೆಲಮಾಳಿಗೆಗಳ ಅನುಭವ ನ್ಯಾಯಾಲಯಕ್ಕೆ ತಲುಪಿತು. ಡೆಲಾವೇರ್ ರಾಜ್ಯದ ಶಾಲಾ ಪ್ರತ್ಯೇಕತೆಯನ್ನು ಪ್ರಶ್ನಿಸಿದ ಮೊಕದ್ದಮೆಗಾಗಿ ಅಲ್ಲಿನ ಮಕ್ಕಳನ್ನು ಲಫಾರ್ಗ್‌ಗೆ ಕರೆತಂದು ಪರೀಕ್ಷಿಸಲಾಯಿತು. 1951ರಲ್ಲಿ ವರ್ಥಮ್ ನೀಡಿದ ಸಾಕ್ಷ್ಯದ ತಿರುಳೆಂದರೆ, ಶಾಲೆಯ ಕಟ್ಟಡ ಎಷ್ಟೇ ಚೆನ್ನಾಗಿರಲಿ, ಬೇರ್ಪಡಿಸುವ ಕ್ರಿಯೆಯೇ ಮಗುವಿನ ಮನಸ್ಸಿನ ಆರೋಗ್ಯಕ್ಕೆ ಹಾನಿ. ನ್ಯಾಯಾಧೀಶ ಕಾಲಿನ್ಸ್ ಸೀಟ್ಜ್ 1952ರಲ್ಲಿ ಈ ಹಾನಿಯನ್ನು ಸಂಗತಿಯೆಂದು ಒಪ್ಪಿ, ಕಪ್ಪು ವಿದ್ಯಾರ್ಥಿಗಳನ್ನು ಬಿಳಿಯರ ಶಾಲೆಗೆ ಸೇರಿಸಿಕೊಳ್ಳಲು ಆದೇಶಿಸಿದರು. ಈ ಮೊಕದ್ದಮೆಯೂ ಸೇರಿದ ‘ಬ್ರೌನ್’ ಪ್ರಕರಣದಲ್ಲಿ 1954ರ ಮೇ 17ರಂದು ಸುಪ್ರೀಂ ಕೋರ್ಟ್ ಶಾಲಾ ಪ್ರತ್ಯೇಕತೆಯನ್ನು ಅಸಾಂವಿಧಾನಿಕವೆಂದು ಸಾರಿತು. ತೀರ್ಪಿನ ಹನ್ನೊಂದನೆಯ ಅಡಿಟಿಪ್ಪಣಿಯಲ್ಲಿ ಕೆನೆತ್ ಕ್ಲಾರ್ಕ್ ಅವರ ಬರಹದ ಉಲ್ಲೇಖವಿತ್ತು.

ಕ್ಲಾರ್ಕ್ ದಂಪತಿಯ ಗೊಂಬೆ ಪ್ರಯೋಗ ಪ್ರಸಿದ್ಧವಾದುದು. 1947ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 253 ಕಪ್ಪು ಮಕ್ಕಳ ಮುಂದೆ ಬಣ್ಣದ ಹೊರತು ಬೇರಾವ ಭೇದವೂ ಇಲ್ಲದ ಗೊಂಬೆಗಳನ್ನು ಇಟ್ಟಾಗ ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆಯನ್ನೇ ಬಯಸಿದರು. ಮಕ್ಕಳ ಬೆರಳಿನ ಒಂದು ಸೂಚನೆ ರಾಷ್ಟ್ರದ ಆತ್ಮಸಾಕ್ಷಿಯನ್ನು ತಟ್ಟಿತು. ಆದರೆ ಈ ಗೆಲುವಿಗೆ ಬೆಲೆಯೂ ಇತ್ತು. ಹಕ್ಕನ್ನು ಪಡೆಯಲು ಹಾನಿಯನ್ನು ಸಾಬೀತುಪಡಿಸಬೇಕಾಗಿ ಬಂದುದರಿಂದ ‘ಹಾನಿಗೊಂಡ ಕಪ್ಪು ಮನಸ್ಸು’ ಎಂಬ ಚಿತ್ರ ಸಾರ್ವಜನಿಕ ಸ್ಮೃತಿಯಲ್ಲಿ ಉಳಿಯಿತು. 1965ರ ಮೊಯ್ನಿಹನ್ ವರದಿಯು ಕಪ್ಪು ಕುಟುಂಬದ ರಚನೆಯನ್ನೇ ರೋಗಗ್ರಸ್ತವೆಂಬಂತೆ ಚಿತ್ರಿಸಿದಾಗ ಕನಿಕರ ತಿರಸ್ಕಾರಕ್ಕೆ ತಿರುಗಲು ಹೆಚ್ಚು ಕಾಲ ಬೇಕಿಲ್ಲವೆಂಬುದು ಗೋಚರಿಸಿತು. ಇತಿಹಾಸಕಾರ ಡ್ಯಾರಿಲ್ ಮೈಕೇಲ್ ಸ್ಕಾಟ್ 1997ರ ತಮ್ಮ ಗ್ರಂಥದಲ್ಲಿ ಈ ಎರಡು ಭಾವಗಳ ನಂಟನ್ನು ವಿಸ್ತಾರವಾಗಿ ಬಿಡಿಸಿದ್ದಾರೆ. ಮನೋವಿಜ್ಞಾನಿ ವಿಲಿಯಂ ಕ್ರಾಸ್, ಗುಂಪಿನ ಬಗೆಗಿನ ಧೋರಣೆಯನ್ನೂ ವ್ಯಕ್ತಿಯ ಆತ್ಮಗೌರವವನ್ನೂ ಒಂದೇ ಎಂದು ಭಾವಿಸಿದುದು ಆ ಕಾಲದ ಅಧ್ಯಯನಗಳ ದೋಷವೆಂದು ವಾದಿಸಿದರು. ಬಿಳಿಯ ಗೊಂಬೆಯನ್ನು ಎತ್ತಿಕೊಂಡ ಮಗು ಲೋಕದಲ್ಲಿ ಯಾವುದಕ್ಕೆ ಬೆಲೆಯಿದೆ ಎಂಬುದನ್ನು ತಿಳಿಸುತ್ತಿರಬಹುದು. ತನ್ನನ್ನು ತಾನು ದ್ವೇಷಿಸಿಕೊಳ್ಳುತ್ತಿದೆ ಎಂಬುದು ಅದರಿಂದ ತಾನಾಗಿ ಸಿದ್ಧಿಸುವುದಿಲ್ಲ. ಸಾಕ್ಷಿಯ ಮಾತನ್ನು ಮತ್ತೆ ಲಕ್ಷಣವಾಗಿ ಓದಿದ ತಪ್ಪು ಇಲ್ಲಿ ಹಿತೈಷಿಗಳಿಂದಲೇ ಆಗಿತ್ತು.

ದುಭಾಷಿಯ ನೆರಳು

ರೈಟ್ 1940ರ ದಶಕದ ಕೊನೆಗೆ ಪ್ಯಾರಿಸ್‌ನಲ್ಲಿ ನೆಲೆಸಿದರು. 1953ರ ಆರಂಭದಲ್ಲಿ ಅವರ ಕೃತಿಗಳ ಬಗ್ಗೆ ಒಂದು ಅಧ್ಯಯನ ಕೈಗೊಳ್ಳುವ ಇಚ್ಛೆಯಿಂದ ಅವರಿಗೆ ಪತ್ರ ಬರೆದ ಓದುಗನೊಬ್ಬ ಮಾರ್ಟಿನಿಕ್ ದ್ವೀಪದ ಯುವ ಮನೋವೈದ್ಯ ಫ್ರಾಂಟ್ಸ್ ಫನೋನ್. ಅದೇ ವರ್ಷದ ಕೊನೆಗೆ ಫನೋನ್ ಫ್ರೆಂಚ್ ಆಳ್ವಿಕೆಯ ಅಲ್ಜೀರಿಯದ ಬ್ಲಿದಾ ಆಸ್ಪತ್ರೆಗೆ ಸೇರಿದರು. ಅಲ್ಲಿ ಅವರು ಕಂಡುಕೊಂಡದ್ದು ಅಮೆರಿಕದ ವಿವಾದಕ್ಕೂ ಬೆಳಕು ಚೆಲ್ಲುತ್ತದೆ.

ಹಬ್ಬ, ಸಂಗೀತ, ನಾಟಕ, ಪತ್ರಿಕೆಗಳ ಮೂಲಕ ರೋಗಿಗಳಲ್ಲಿ ಸಾಮುದಾಯಿಕ ಬದುಕನ್ನು ಮರಳಿ ಕಟ್ಟುವ ಸಮಾಜಚಿಕಿತ್ಸೆಯನ್ನು ಫನೋನ್ ಎರಡು ಕಡೆ ಜಾರಿಗೆ ತಂದರು. ಐರೋಪ್ಯ ಮಹಿಳೆಯರ ವಿಭಾಗದಲ್ಲಿ ಅದು ಫಲಿಸಿತು. ಮುಸ್ಲಿಂ ಪುರುಷರ ವಿಭಾಗದಲ್ಲಿ ಸೋತಿತು. 1954ರಲ್ಲಿ ಸಹೋದ್ಯೋಗಿ ಜಾಕ್ ಅಜುಲೆ ಅವರೊಂದಿಗೆ ಪ್ರಕಟಿಸಿದ ಲೇಖನದಲ್ಲಿ ಫನೋನ್ ದೋಷವನ್ನು ರೋಗಿಗಳ ಮೇಲೆ ಹೊರಿಸದೆ ತಮ್ಮ ವಿಧಾನದ ಮೇಲೆಯೇ ಹೊರಿಸಿಕೊಂಡರು. ಪರಕೀಯ ಹಬ್ಬಗಳನ್ನು ಆಚರಿಸಲು ಒಲ್ಲದವರನ್ನು ನಿರುತ್ಸಾಹಿಗಳೆಂದು ಎಣಿಸಲಾಗಿತ್ತು. ಅನಂತರ ಆಸ್ಪತ್ರೆಯಲ್ಲಿ ಮೂರಿಶ್ ಶೈಲಿಯ ಕಾಫಿಮನೆ ತೆರೆಯಿತು, ಮುಸ್ಲಿಂ ಹಬ್ಬಗಳು ನಡೆದವು, ಕಥೆಗಾರರು ಬಂದರು.

ದ್ವಿಭಾಷಿಕ ಪ್ರದೇಶಗಳ ಅಧ್ಯಯನಕಾರರಿಗೆ ಆ ಲೇಖನದ ಇನ್ನೊಂದು ಅಂಶ ಹೆಚ್ಚು ಮುಖ್ಯ. ಫನೋನ್‌ಗೆ ಅರಬ್ಬಿಯಾಗಲಿ ಕಬೀಲಿಯಾಗಲಿ ಬರುತ್ತಿರಲಿಲ್ಲ. ದುಭಾಷಿಯ ನೆರವು ಅನಿವಾರ್ಯವಾಗಿತ್ತು. ಆದರೆ ಅಲ್ಜೀರಿಯದ ರೋಗಿ ಅದಕ್ಕೂ ಮೊದಲು ದುಭಾಷಿಯನ್ನು ಕಂಡಿದ್ದುದು ಕಚೇರಿಯಲ್ಲಿ, ನ್ಯಾಯಾಲಯದಲ್ಲಿ. ಆ ನೆನಪು ಆಸ್ಪತ್ರೆಗೂ ಹಿಂಬಾಲಿಸಿ ಬಂದು, ಆಪ್ತ ಮಾತುಕತೆ ವಿಚಾರಣೆಯ ರೂಪ ತಾಳುತ್ತಿತ್ತು. ಶಬ್ದಗಳು ಸರಿಯಾಗಿ ಅನುವಾದವಾದರೂ ಸಂದರ್ಭ ಅನುವಾದವಾಗುವುದಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ವೈದ್ಯಕೀಯ ದಾಖಲೆಗಳು ವಿರಳ.

1968: ಅಪನಂಬಿಕೆಯ ಎರಡು ವ್ಯಾಖ್ಯಾನಗಳು

ಅಮೆರಿಕದಲ್ಲಿ ಭಾಷೆ ಒಂದೇ ಆಗಿದ್ದರೂ ಇದೇ ಬಿರುಕು ಇತ್ತು. 1968ರಲ್ಲಿ ಅದು ತೆರೆದು ಕಾಣಿಸಿತು. ಆ ವರ್ಷ ವಾಲ್ಟರ್ ಬ್ರೋಂಬರ್ಗ್ ಮತ್ತು ಫ್ರಾಂಕ್ ಸೈಮನ್ ಎಂಬ ಮನೋವೈದ್ಯರು ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ‘ಪ್ರತಿಭಟನೆಯ ಉನ್ಮಾದ’ವೆಂಬ ಹೊಸ ರೋಗವರ್ಗವನ್ನು ಪ್ರತಿಪಾದಿಸಿದರು. ಬಿಳಿಯರ ನಾಗರಿಕತೆಯನ್ನು ನಿರಾಕರಿಸುವ ಕಪ್ಪು ಪುರುಷರ ನಿಲುವು ಅವರಿಗೆ ವಿಭ್ರಮೆಯ ಲಕ್ಷಣವಾಗಿ ಕಂಡಿತ್ತು. ಅದೇ ವರ್ಷ ಪ್ರಕಟವಾದ ಅಮೆರಿಕದ ಅಧಿಕೃತ ರೋಗನಿದಾನ ಕೈಪಿಡಿಯ ಎರಡನೆಯ ಆವೃತ್ತಿಯು ಪ್ಯಾರನಾಯ್ಡ್ ಬಗೆಯ ಸ್ಕಿಜೋಫ್ರೇನಿಯಾದ ವಿವರಣೆಯಲ್ಲಿ ಹಗೆತನ, ಆಕ್ರಮಣಶೀಲತೆಗಳನ್ನು ಸೇರಿಸಿತ್ತು. ಮಿಷಿಗನ್ನಿನ ಅಯೋನಿಯಾ ಆಸ್ಪತ್ರೆಯ ಕಡತಗಳನ್ನು ಓದಿದ ಜೊನಾಥನ್ ಮೆಟ್ಜಲ್, ಹಿಂದೆ ಬಹುಮಟ್ಟಿಗೆ ಬಿಳಿಯರಿಗೆ ಅಂಟುತ್ತಿದ್ದ ಈ ರೋಗನಾಮ 1960–70ರ ದಶಕಗಳಲ್ಲಿ ಡೆಟ್ರಾಯಿಟ್‌ನ ಕಪ್ಪು ಪುರುಷರ ಮೇಲೆ ಹೇಗೆ ಸರಿಯಿತೆಂಬುದನ್ನು ‘ದಿ ಪ್ರೊಟೆಸ್ಟ್ ಸೈಕೋಸಿಸ್’ ಗ್ರಂಥದಲ್ಲಿ ನಿರೂಪಿಸಿದ್ದಾರೆ. 1970ರ ದಶಕದ ಹಾಲ್ಡಾಲ್ ಔಷಧದ ಜಾಹೀರಾತಿನಲ್ಲಿ ಮುಷ್ಟಿ ಬಿಗಿದ ಕಪ್ಪು ಪುರುಷನ ಚಿತ್ರವಿತ್ತು. ಕಾರ್ಟ್‌ರೈಟ್‌ನ ತಂತ್ರ ಇಲ್ಲಿ ಹೊಸ ಪರಿಭಾಷೆಯಲ್ಲಿ ಮರಳಿದಂತೆ ತೋರುತ್ತದೆ.

ಅದೇ 1968ರಲ್ಲಿ ವಿಲಿಯಂ ಗ್ರೀರ್ ಮತ್ತು ಪ್ರೈಸ್ ಕಾಬ್ಸ್ ಎಂಬ ಕಪ್ಪು ಮನೋವೈದ್ಯರು ‘ಬ್ಲ್ಯಾಕ್ ರೇಜ್’ ಗ್ರಂಥವನ್ನು ಪ್ರಕಟಿಸಿದರು. ಮೋಸ, ಹಿಂಸೆಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಕಪ್ಪು ವ್ಯಕ್ತಿಗೆ ಶಂಕೆ ಅಗತ್ಯ. ಬದುಕುಳಿಯಲು ಬೇಕಾದ ಆ ಎಚ್ಚರವನ್ನು ವೈದ್ಯನು ರೋಗದಿಂದ ಬೇರ್ಪಡಿಸಿ ನೋಡಬೇಕು ಎಂಬುದು ಅವರ ನಿಲುವು. ಇದೇ ಮುಂದೆ ಸಮಾಲೋಚನಾ ಶಾಸ್ತ್ರದಲ್ಲಿ ‘ಆರೋಗ್ಯಕರ ಅಪನಂಬಿಕೆ’ ಎಂಬ ಪರಿಕಲ್ಪನೆಯಾಗಿ ಬೆಳೆಯಿತು. ಅಲಬಾಮದ ಟಸ್ಕೀಗಿಯಲ್ಲಿ ಸಿಫಿಲಿಸ್ ಇದ್ದ ಕಪ್ಪು ಪುರುಷರಿಗೆ ಚಿಕಿತ್ಸೆ ಕೊಡದೆ 1932ರಿಂದ ಸರ್ಕಾರಿ ಆರೋಗ್ಯ ಇಲಾಖೆ ನಡೆಸುತ್ತಿದ್ದ ಅಧ್ಯಯನ 1972ರಲ್ಲಿ ಬಹಿರಂಗವಾದಾಗ ಈ ಶಂಕೆ ಎಷ್ಟು ಸಾಧಾರವಾಗಿತ್ತೆಂಬುದು ದೇಶಕ್ಕೆಲ್ಲ ತಿಳಿಯಿತು.

ವಿವಾದ ಗ್ರಂಥಗಳಿಂದ ಸಂಸ್ಥೆಗಳಿಗೆ ಸಾಗಿತು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಸಮ್ಮೇಳನ ನಡೆಯುತ್ತಿದ್ದಾಗ ಕಪ್ಪು ಮನೋವಿಜ್ಞಾನಿಗಳು ತಮ್ಮದೇ ಸಂಘವನ್ನು ಕಟ್ಟಿಕೊಂಡರು. 1969ರಲ್ಲಿ ಮಯಾಮಿಯಲ್ಲಿ ಕಪ್ಪು ಮನೋವೈದ್ಯರು ತಮ್ಮ ವೃತ್ತಿಸಂಘದ ಆಡಳಿತ ಮಂಡಳಿಯ ಮುಂದೆ ಬೇಡಿಕೆಗಳನ್ನಿಟ್ಟರು. ಅವರ ಹೊಸ ಸಂಘಟನೆಯ ಮೊದಲ ಅಧ್ಯಕ್ಷರಾದ ಚೆಸ್ಟರ್ ಪಿಯರ್ಸ್ ನಿತ್ಯದ ಸಣ್ಣ ಅವಮಾನಗಳ ಸಂಚಿತ ಪರಿಣಾಮವನ್ನು ಸೂಚಿಸಲು ‘ಮೈಕ್ರೋಅಗ್ರೆಶನ್’ ಎಂಬ ಪದವನ್ನು ರೂಪಿಸಿದರು. ಕಾರ್ಟ್‌ರೈಟ್‌ನ ನಾಮಕರಣಕ್ಕೆ ಇದೊಂದು ಪ್ರತಿನಾಮಕರಣ: ಹೆಸರು ಈಗ ನೊಂದವನ ವರ್ತನೆಗೆ ಅಂಟದೆ ನೋಯಿಸುವ ವರ್ತನೆಗೆ ಅಂಟಿತು. 1970ರಲ್ಲಿ ಜೋಸೆಫ್ ವೈಟ್ ‘ಎಬನಿ’ ಪತ್ರಿಕೆಯಲ್ಲಿ ಕಪ್ಪು ಮನೋವಿಜ್ಞಾನದ ಅಗತ್ಯವನ್ನು ಸಾಮಾನ್ಯ ಓದುಗರ ಮುಂದೆಯೇ ಮಂಡಿಸಿದರು.

ಭಾಷೆಯ ಪ್ರಶ್ನೆ ಇಲ್ಲಿಯೂ ಕೇಂದ್ರದಲ್ಲಿತ್ತು. ಸಂಘದ ಸ್ಥಾಪಕರಲ್ಲೊಬ್ಬರಾದ ರಾಬರ್ಟ್ ವಿಲಿಯಮ್ಸ್ ಶಾಲಾದಿನಗಳ ಬುದ್ಧಿಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದು, ಇಟ್ಟಿಗೆ ಕೆಲಸಕ್ಕೆ ಹೋಗೆಂಬ ಸಲಹೆ ಕೇಳಿದ್ದವರು. ಪರೀಕ್ಷೆಗಳು ಬುದ್ಧಿಯನ್ನಲ್ಲದೆ ಬಿಳಿಯ ಮಧ್ಯಮವರ್ಗದ ನುಡಿಪರಿಚಯವನ್ನು ಅಳೆಯುತ್ತವೆಂದು ತೋರಿಸಲು ಅವರು ಕಪ್ಪು ಸಮುದಾಯದ ಪದಸಂಪತ್ತಿನ ಮೇಲೆ ನಿಂತ ಪರೀಕ್ಷೆಯೊಂದನ್ನು 1972ರಲ್ಲಿ ರಚಿಸಿದರು. ಮರುವರ್ಷ ಕಪ್ಪು ಜನರ ನುಡಿಗೆ ‘ಎಬಾನಿಕ್ಸ್’ ಎಂಬ ಹೆಸರು ಕೊಟ್ಟವರೂ ಅವರೇ. ಅದನ್ನು ಕೆಟ್ಟ ಇಂಗ್ಲಿಷ್ ಎನ್ನುವವರೆಗೆ ಅದನ್ನಾಡುವ ಮಗುವಿನ ಮೌನ ಮಾಂದ್ಯವಾಗಿಯೇ ಕಾಣುತ್ತದೆಂಬುದು ಅವರ ತರ್ಕ. 1979ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾರಿ ಪಿ. ಪ್ರಕರಣದ ತೀರ್ಪು, ಬುದ್ಧಿಪರೀಕ್ಷೆಯ ಆಧಾರದಿಂದ ಕಪ್ಪು ಮಕ್ಕಳನ್ನು ಮಾಂದ್ಯರ ತರಗತಿಗೆ ಹಾಕುವುದನ್ನು ನಿರ್ಬಂಧಿಸಿತು. ಆ ಮಕ್ಕಳನ್ನು ಮರುಪರೀಕ್ಷಿಸಿದವರು ಕಪ್ಪು ಮನೋವಿಜ್ಞಾನಿಗಳು. 1946ರಲ್ಲಿ ಹಾರ್ಲೆಮ್‌ನ ತಾಯಂದಿರು ಕೇಳಿದ ಪ್ರಶ್ನೆಗೆ ನ್ಯಾಯಾಲಯವೊಂದರ ಉತ್ತರ ಬರಲು 33 ವರ್ಷ ಹಿಡಿಯಿತು.

ಸಮಾನತೆ, ಭಿನ್ನತೆ, ಪ್ರಾಮಾಣ್ಯ

ಈ ಚರಿತ್ರೆಯಲ್ಲಿ ಎರಡು ಸಿದ್ಧಾಂತಗಳು ಎದುರುಬದುರಾಗಿವೆ. ಮನಸ್ಸು ಎಲ್ಲರದೂ ಒಂದೇ ಎಂದು ಲಫಾರ್ಗ್ ನಂಬಿತು. ಕಪ್ಪು ಅನುಭವಕ್ಕೆ ತನ್ನದೇ ಮನೋವಿಜ್ಞಾನ ಬೇಕೆಂದು 1968ರ ತಲೆಮಾರು ಹೇಳಿತು. ಇವುಗಳ ನಡುವಣ ಭೇದ ನಿಜ. ಪ್ರತ್ಯೇಕತೆಯ ವಿರುದ್ಧ ಹೋರಾಡುವವರಿಗೆ ಸಮಾನತೆಯ ಭಾಷೆ ಬೇಕಿತ್ತು. ಸಮಾನತೆ ಕಾನೂನಿನಲ್ಲಿ ಬಂದರೂ ನಿದಾನದಲ್ಲಿ ಬಾರದಿದ್ದಾಗ ಭಿನ್ನತೆಯ ಭಾಷೆ ಬೇಕಾಯಿತು. ಎರಡರ ಕೆಳಗೂ ಇದ್ದುದು ಒಂದೇ ಬೇಡಿಕೆ: ನೊಂದವನು ತನ್ನ ಲೋಕದ ಬಗ್ಗೆ ಹೇಳಿದ್ದನ್ನು ಮೊದಲು ಲೋಕದ ಬಗೆಗಿನ ಮಾತಾಗಿ ಪರಿಶೀಲಿಸಬೇಕು.

2001ರಲ್ಲಿ ಸರ್ಜನ್ ಜನರಲ್ ಡೇವಿಡ್ ಸ್ಯಾಚರ್ ಸಂಸ್ಕೃತಿ, ಜನಾಂಗ ಮತ್ತು ಮಾನಸಿಕ ಆರೋಗ್ಯ ಕುರಿತ ವರದಿಯಲ್ಲಿ ಚಿಕಿತ್ಸೆಯ ಅಸಮಾನತೆಯನ್ನೂ ತಪ್ಪು ನಿದಾನವನ್ನೂ ಅಪನಂಬಿಕೆಯ ಚಾರಿತ್ರಿಕ ಕಾರಣಗಳನ್ನೂ ಸರ್ಕಾರದ ಪರವಾಗಿ ದಾಖಲಿಸಿದರು. 2021ರ ಜನವರಿಯಲ್ಲಿ ಮನೋವೈದ್ಯರ ರಾಷ್ಟ್ರೀಯ ಸಂಘವೂ ಅದೇ ವರ್ಷದ ಅಕ್ಟೋಬರ್‌ನಲ್ಲಿ ಮನೋವಿಜ್ಞಾನಿಗಳ ಸಂಘವೂ ವರ್ಣಭೇದದಲ್ಲಿ ತಮ್ಮ ಪಾಲಿಗಾಗಿ ಕ್ಷಮೆಯಾಚಿಸಿದವು. ವೂಸ್ಟರ್‌ನ ಕಂಬಸಾಲಿನಿಂದ ಈ ಕ್ಷಮಾಪಣೆಗೆ 181 ವರ್ಷಗಳ ದೂರ.

ಕ್ಷಮಾಪಣೆಯೊಂದಿಗೆ ವಿವಾದ ಮುಗಿದಿಲ್ಲ. ಸಂಸ್ಕೃತಿಗೆ ಸ್ಪಂದಿಸುವುದು ಇಂದು ತರಬೇತಿಯ ವಿಷಯವಾಗಿದೆ. ತರಬೇತಿಗೆ ಪಟ್ಟಿ ಬೇಕಾಗುತ್ತದೆ: ಈ ಸಮುದಾಯಕ್ಕೆ ಧರ್ಮಶ್ರದ್ಧೆ ಮುಖ್ಯ, ಆ ಸಮುದಾಯಕ್ಕೆ ಕುಟುಂಬ ಮುಖ್ಯ. ಪಟ್ಟಿ ಕೈಯಲ್ಲಿದ್ದಾಗ ಎದುರಿಗಿರುವವನು ಬಾಯಿ ತೆರೆಯುವ ಮುನ್ನವೇ ಅವನು ಯಾರೆಂಬುದು ತಿಳಿದಂತಾಗಿಬಿಡುತ್ತದೆ. 1840ರ ಗಣತಿದಾರನ ಕೈಯಲ್ಲಿದ್ದುದೂ ಒಂದು ಪಟ್ಟಿಯೇ. ಸಹಾನುಭೂತಿಯ ಪಟ್ಟಿಯೂ ವ್ಯಕ್ತಿಯ ಮಾತನ್ನು ಮುಚ್ಚಬಲ್ಲದೆಂಬ ಎಚ್ಚರ ಗೊಂಬೆ ಪ್ರಯೋಗದ ಚರಿತ್ರೆಯಲ್ಲಿದೆ, ವರ್ಥಮ್ ಅವರ ಟಿಪ್ಪಣಿಗಳ ಚರಿತ್ರೆಯಲ್ಲಿಯೂ ಇದೆ.

ನಾರ್ತ್‌ಸೈಡ್ ಕೇಂದ್ರ ಇಂದಿಗೂ ಹಾರ್ಲೆಮ್‌ನಲ್ಲಿ ಕೆಲಸ ಮಾಡುತ್ತಿದೆ. ಅದರ ಆರಂಭದ ದಿನಗಳಲ್ಲಿ ಮೆಟ್ಟಿಲಿಳಿದು ಬಂದ ತಾಯಿಗೆ ಯಾವ ಪರಿಭಾಷೆಯೂ ಗೊತ್ತಿರಲಿಲ್ಲ. ಶಾಲೆ ಹೇಳಿದ್ದು ತನ್ನ ಮಗುವಿನ ಬಗ್ಗೆ ನಿಜವಲ್ಲ ಎಂಬುದು ಗೊತ್ತಿತ್ತು. ಕ್ಲಾರ್ಕ್ ದಂಪತಿ ಅವಳನ್ನು ತಿದ್ದುವ ಬದಲು ಪರೀಕ್ಷೆಯ ಕಾಗದವನ್ನು ತೆಗೆದುಕೊಂಡು ಮಗುವಿನ ಎದುರು ಕುಳಿತರು. ‘ಆಪ್ತಸಮಾಲೋಚನೆ’ ಎಂಬ ಕನ್ನಡ ಪದಕ್ಕೆ ಅದರ ಪೂರ್ಣಾರ್ಥವನ್ನು ಕೊಡುವುದಾದರೆ, ಅಲ್ಲಿ ಆಪ್ತಳೆನಿಸಿಕೊಂಡವಳು ಮೊದಲು ಆ ತಾಯಿಯೇ.